ಮಸೀದಿಯ ಲೆಕ್ಕ ಮನೆಗೂ ಬರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನ ಮಳೆ ನಿಮಗೆ ಗೊತ್ತೇ ಇದೆ. ಆ ದಿನಗಳಲ್ಲಿ ಶುಕ್ರವಾರದ ಜುಮಾ ನಮಾಜ್ ಮುಗಿಸಿ ಮಸೀದಿಯ ಕಾಣಿಕೆ ಡಬ್ಬಿ ತೆರೆದರೆ ನೋಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಚಾಪೆಯ ಮೇಲೆ ಹರಡಿ ಮೆಲ್ಲಗೆ ಬಿಡಿಸಬೇಕು. ನಮ್ಮ ಜಮಾಅತ್‌ನಲ್ಲಿ, ಅಂದರೆ ಮಸೀದಿಗೆ ಸೇರಿದವರ ಕೂಟದಲ್ಲಿ, ನಾನು ಖಜಾಂಚಿ. ಎಣಿಸಲು ಮೂವರು ಕೂರುತ್ತೇವೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸುತ್ತಾರೆ. ಮೂರನೆಯವರು ಬರೆಯುತ್ತಾರೆ. ಮೂವರೂ ಸಹಿ ಹಾಕುತ್ತೇವೆ. ಯಾರ ಮೇಲೂ ಅನುಮಾನ ಇದ್ದು ಅಲ್ಲ. ಒಬ್ಬರೇ ಎಣಿಸಿದರೆ, ನಾಳೆ ಮಾತು ಬಂದಾಗ ಅವರ ಪರ ನಿಲ್ಲಲು ಯಾರೂ ಇರುವುದಿಲ್ಲ, ಅಲ್ವಾ?

ಇದನ್ನು ನಾವು ಕಲಿತದ್ದು ತಪ್ಪು ಮಾಡಿದ ಮೇಲೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಾವೂ ಹಣ, ಅಕ್ಕಿ, ಕಂಬಳಿ ಸೇರಿಸಿದೆವು. ಮುಟ್ಟಬೇಕಾದವರಿಗೆ ಮುಟ್ಟಿಸಿದೆವು. ಆದರೆ ಬರೆದಿಡಲಿಲ್ಲ. ಕಾಫಿ ಕುಯ್ಲಿನ ಹೊತ್ತಿಗೆ, ತೋಟದ ಕೆಲಸಕ್ಕೆ ಹೋಗುವ ಒಬ್ಬ ಉಮ್ಮ, ಅಂದರೆ ತಾಯಿ, ದಾರಿಯಲ್ಲಿ ನಿಲ್ಲಿಸಿ ಕೇಳಿದರು: "ನಾನು ಕೊಟ್ಟ ಐನೂರು ಯಾರಿಗೆ ಹೋಯ್ತು ಮೋನೇ?" ಬೆನ್ನು ಬಗ್ಗಿಸಿ ದುಡಿದ ಕೂಲಿ ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕುರ್‌ಆನಿನ ಅತಿ ಉದ್ದದ ಆಯತ್, ಅಂದರೆ ವಚನ, ಅಲ್ ಬಖರ ಅಧ್ಯಾಯದ 282ನೆಯದು. ಸಾಲ ಕೊಟ್ಟರೆ ಬರೆದಿಡಿ, ಚಿಕ್ಕದಾದರೂ ಬೇಸರ ಮಾಡಬೇಡಿ, ಸಾಕ್ಷಿ ಇಟ್ಟುಕೊಳ್ಳಿ ಎನ್ನುತ್ತದೆ. ಇಬ್ಬರ ನಡುವಿನ ಸಾಲಕ್ಕೇ ಇಷ್ಟು ಹೇಳಿರುವಾಗ ಊರಿನ ಹಣಕ್ಕೆ ಎಷ್ಟು ಜಾಗ್ರತೆ ಬೇಕು!

ಝಕಾತ್, ಅಂದರೆ ಉಳ್ಳವರು ಕಡ್ಡಾಯವಾಗಿ ಕೊಡಬೇಕಾದ ದಾನ, ಅದರ ಲೆಕ್ಕಕ್ಕೆ ಬೇರೆಯೇ ಪುಸ್ತಕ ಇಟ್ಟೆವು. ಅದು ಸೇರಬೇಕಾದ ಎಂಟು ವರ್ಗವನ್ನು ಕುರ್‌ಆನ್ ಹೇಳಿದೆ. ಬಡವರು, ಸಾಲಗಾರರು, ದಾರಿಹೋಕರು ಅದರಲ್ಲಿದ್ದಾರೆ. ಮಸೀದಿಯ ಬಣ್ಣ, ಹೆಂಚು ಇಲ್ಲ. ಮಸೀದಿ ವಕ್ಫ್, ಅಂದರೆ ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ಆಸ್ತಿ, ಆಗಿದ್ದರೆ 1995ರ ವಕ್ಫ್ ಕಾಯ್ದೆಯಂತೆ ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಲೆಕ್ಕವನ್ನು ವಕ್ಫ್ ಮಂಡಳಿಗೂ ಕೊಡಬೇಕು. ಅಲ್ಲಿಗೆ ಕಳಿಸಿದರೆ ಮುಗಿಯಿತು ಎನ್ನುವವರಿದ್ದಾರೆ. ಮಂಡಳಿ ಇರುವುದು ಬೆಂಗಳೂರಿನಲ್ಲಿ. ಹಣ ಕೊಟ್ಟವರು ಇರುವುದು ಇಲ್ಲಿನ ತೋಟದ ಕೂಲಿಗಳ ಲೈನ್ ಮನೆಗಳಲ್ಲಿ.

ಹಾಗಾಗಿ ಪ್ರತಿ ತಿಂಗಳ ಲೆಕ್ಕವನ್ನು ಮಸೀದಿಯ ಗೋಡೆಗೆ ಹಚ್ಚಿದೆವು. ಆಮೇಲೆ ಹೊಳೆಯಿತು, ನಮ್ಮಲ್ಲಿ ಹೆಂಗಸರು ಮಸೀದಿಗೆ ಬರುವ ರೂಢಿ ಕಡಿಮೆ. ಐನೂರು ಕೊಟ್ಟ ಉಮ್ಮ ಆ ಗೋಡೆ ನೋಡುವುದು ಯಾವಾಗ? ಈಗ ಅದೇ ಲೆಕ್ಕವನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಮದರಸದ ಮಕ್ಕಳ ಕೈಯಲ್ಲಿ ಮನೆಗೆ ಕಳಿಸುತ್ತೇವೆ. ಉಮ್ಮನಿಗೆ ಓದಲು ಬರುವುದಿಲ್ಲ. ಮೊಮ್ಮಗಳು ಓದಿ ಹೇಳುತ್ತಾಳೆ. ಹೋದ ತಿಂಗಳು ಆ ಹುಡುಗಿಯ ಹತ್ತಿರ ಹೇಳಿ ಕಳಿಸಿದ್ದರು: ಕರೆಂಟ್ ಬಿಲ್ಲು ಯಾಕೆ ಇಷ್ಟು ಜಾಸ್ತಿ?

ನೀರಿನ ಮೋಟಾರು ಕೆಟ್ಟಿತ್ತು. ಈ ತಿಂಗಳ ಹಾಳೆಯಲ್ಲಿ ಅದನ್ನೇ ಮೊದಲು ಬರೆದಿದ್ದೇವೆ.