ಸೋಲೇ ಇಲ್ಲದವನೇ ದೊಡ್ಡ ಬಾಕ್ಸರ್ರಾ?

ಎಲ್ಲರಿಗೂ ನಮಸ್ಕಾರ. ಇವತ್ತು ಬಾಕ್ಸಿಂಗ್ ಬಗ್ಗೆ ಮಾತಾಡೋಣ, ಅದರಲ್ಲೂ ನಮ್ಮ ಮುಂಬಯಿ ಕನ್ನಡದ ಹುಡುಗರು ನಾಲ್ಕು ಜನ ಸೇರಿದ್ರೆ ಸಾಕು ಎದ್ದೇಳೋ ಆ ಜಗಳದ ಬಗ್ಗೆ, ಅಂದ್ರೆ ಎಲ್ಲಾ ಕಾಲಕ್ಕೂ ದೊಡ್ಡ ಬಾಕ್ಸರ್ ಅಂತ ಯಾರನ್ನ ಕರೀಬೇಕು ಅನ್ನೋದು. ಅಮೆರಿಕದಲ್ಲಿ ಶನಿವಾರ ರಾತ್ರಿ ನಡೆಯೋ ಫೈಟು ನಮಗೆ ಭಾನುವಾರ ಬೆಳಿಗ್ಗೆ ಬರುತ್ತೆ. 2015ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾಯ್ಡ್ ಮೇವೆದರ್ ಮತ್ತೆ ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕಿಯಾವೋ ಆಡಿದಾಗ ಡೊಂಬಿವಲಿಯ ಒಂದು ಮನೇಲಿ ನಾವೆಲ್ಲ ತಿಂಡಿ ತಟ್ಟೆ ಕೈಲಿ ಹಿಡ್ಕೊಂಡೇ ಹನ್ನೆರಡೂ ರೌಂಡು ನೋಡಿದ್ವಿ, ಮೇವೆದರ್ ಗೆದ್ದ, ಫೈಟ್ ಮುಗೀತು, ಜಗಳ ಶುರುವಾಯ್ತು. "ಒಂದೂ ಸೋತಿಲ್ಲ ಕಣೋ ಅವನು, ಇನ್ನೇನು ಬೇಕು ನಿಂಗೆ?" ಅಂತ ಒಬ್ಬ.

ಆ ಮಾತನ್ನ ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪಲ್ಲ. ಸೋಲಿನ ಲೆಕ್ಕದಲ್ಲಿರೋ ಸೊನ್ನೆ ನೋಡಿ ಬಾಕ್ಸರನ್ನ ಅಳೆಯೋಕಾಗಲ್ಲ. ಯಾರ ಜೊತೆ ಆಡಿದ, ಆಗ ಎದುರಾಳಿ ಯಾವ ಸ್ಥಿತೀಲಿದ್ದ, ಸೋತಮೇಲೆ ಏನು ಮಾಡಿದ, ಇದನ್ನ ನೋಡ್ಬೇಕು.

ಅಮೆರಿಕದ ಹಳೇ ಬಾಕ್ಸರ್ ಶುಗರ್ ರೇ ರಾಬಿನ್ಸನ್ ಕಥೆ ಕೇಳಿ. 1943ರ ಫೆಬ್ರವರಿ 5ನೇ ತಾರೀಕು ಡೆಟ್ರಾಯಿಟ್‌ನಲ್ಲಿ ಜೇಕ್ ಲಮೋಟಾ ಕೈಲಿ ಸೋತ. ಅಲ್ಲೀವರೆಗೆ ಪ್ರೊಫೆಷನಲ್ ಆಗಿ 40 ಫೈಟು ಆಡಿದ್ದ, 40ರಲ್ಲೂ ಗೆದ್ದಿದ್ದ. ಲಮೋಟಾ ಅವತ್ತು ಇವನಿಗಿಂತ ಸುಮಾರು 16 ಪೌಂಡ್ ಜಾಸ್ತಿ ತೂಗ್ತಿದ್ದ, 8ನೇ ರೌಂಡಲ್ಲಿ ಹಗ್ಗದ ಆಚೆಗೇ ಬೀಳೋ ಹಾಗೆ ಹೊಡ್ದ. ಅಷ್ಟಾದ್ಮೇಲೆ ರಾಬಿನ್ಸನ್ ಮನೇಲಿ ಕೂತ್ನಾ? ಇಲ್ಲ. 19ನೇ ತಾರೀಕು ಜಾಕಿ ವಿಲ್ಸನ್ ಅನ್ನೋನ ಜೊತೆ ಆಡಿ ಗೆದ್ದ, 26ಕ್ಕೆ ಅದೇ ಊರಲ್ಲಿ ಅದೇ ಲಮೋಟಾ ಎದುರಿಗೆ ಮತ್ತೆ ರಿಂಗ್ ಹತ್ತಿ ಅವನನ್ನೂ ಸೋಲಿಸಿದ, ಇದೆಲ್ಲ ಒಂದೇ ತಿಂಗಳಲ್ಲಿ! ಆಮೇಲೆ ಎಂಟು ವರ್ಷ ಯಾರ ಕೈಗೂ ಸೋಲಲಿಲ್ಲ. 1951ರ ಜುಲೈನಲ್ಲಿ ಲಂಡನ್ನಲ್ಲಿ ರ‍್ಯಾಂಡಿ ಟರ್ಪಿನ್ ಸೋಲಿಸಿದ, ಎರಡೇ ತಿಂಗಳಲ್ಲಿ ನ್ಯೂಯಾರ್ಕಲ್ಲಿ ಕಣ್ಣ ಮೇಲಿಂದ ರಕ್ತ ಸುರೀತಿದ್ರೂ ಟರ್ಪಿನ್ನನ್ನ 10ನೇ ರೌಂಡಲ್ಲಿ ಮುಗಿಸಿಬಿಟ್ಟ. ಇವನ ರೆಕಾರ್ಡಲ್ಲಿ 19 ಸೋಲಿದೆ, ಹೆಚ್ಚಿನವು ವಯಸ್ಸಾದ್ಮೇಲೆ ಬಂದವು, ಬರೀ ಅಂಕಿ ನೋಡೋರಿಗೆ ಇವನು ಮೇವೆದರ್‌ಗಿಂತ ಕೆಳಗೆ ಕಾಣ್ತಾನೆ. ನನಗೆ ಇದು ನಿಜವಾಗ್ಲೂ ಬೇಜಾರಾಗೋ ವಿಷಯ.

ಹಾಗಂತ ಮೇವೆದರ್ ಸಣ್ಣವನು ಅಂತ ಹೇಳ್ತಿಲ್ಲ. ಭುಜ ತಿರುಗಿಸಿ ಏಟನ್ನ ಜಾರಿಸಿಬಿಡೋ ಅವನ ಡಿಫೆನ್ಸ್ ನೋಡ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಆದ್ರೆ 50 ಗೆಲುವಿನಲ್ಲಿ ಕೊನೇದು, 2017ರದ್ದು, ಕಾನರ್ ಮೆಗ್ರೆಗರ್ ಮೇಲೆ, ಅವನು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಆಡ್ತಿದ್ದವನು, ಮೆಗ್ರೆಗರ್‌ಗೆ ಅದು ಬಾಕ್ಸಿಂಗಲ್ಲಿ ಮೊದಲನೇ ಪ್ರೊಫೆಷನಲ್ ಫೈಟು. ಆ ಐವತ್ತನೇದಕ್ಕೆ ಎಷ್ಟು ಬೆಲೆ ಕೊಡ್ತೀರಿ? ಪ್ಯಾಕಿಯಾವೋ ಜೊತೆ 2009-10ರಲ್ಲೇ ಆಗ್ಬೇಕಿದ್ದ ಫೈಟು ಮಾತುಕತೆ ಮುರಿದುಬಿದ್ದು ಕೊನೆಗೆ ಆಗೋ ಹೊತ್ತಿಗೆ ಪ್ಯಾಕಿಯಾವೋಗೆ 36, ಇವನಿಗೆ 38.

ಹೆವಿವೆಯ್ಟ್ ಚಾಂಪಿಯನ್ ಆಗಿದ್ದ ರಾಕಿ ಮಾರ್ಸಿಯಾನೋದೂ ಸೊನ್ನೆನೇ, 49 ಫೈಟು, 49 ಗೆಲುವು, ಅದರಲ್ಲಿ 43 ನಾಕೌಟ್. ಅವನು 1951ರಲ್ಲಿ ಮಾಜಿ ಚಾಂಪಿಯನ್ ಜೋ ಲೂಯಿಯನ್ನ ಸೋಲಿಸಿದಾಗ ಲೂಯಿಗೆ 37 ವರ್ಷ, ಟ್ಯಾಕ್ಸ್ ಸಾಲ ತೀರಿಸೋಕೆ ಅಂತ ಮತ್ತೆ ಗ್ಲೌಸ್ ಹಾಕಿದ್ದ ಪಾಪ, ಆ ಗೆಲುವನ್ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ. ಮಾರ್ಸಿಯಾನೋ ದೊಡ್ಡವನು ಅಂತ ನಾನು ನಂಬೋದು ಬೇರೆ ರಾತ್ರಿಯಿಂದ. 1952ರ ಸೆಪ್ಟೆಂಬರ್, ಫಿಲಡೆಲ್ಫಿಯಾ, ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್. ಮೊದಲನೇ ರೌಂಡಲ್ಲೇ ಮಾರ್ಸಿಯಾನೋ ನೆಲಕ್ಕೆ ಬಿದ್ದ, ಅವನ ಜೀವನದಲ್ಲೇ ಮೊದಲ ಸಲ. 12 ರೌಂಡ್ ಆಗೋ ಹೊತ್ತಿಗೆ ಅಂಕ ಕೊಡೋ ಮೂವರ ಕಾರ್ಡಲ್ಲೂ ಹಿಂದಿದ್ದ, ನಾಕೌಟ್ ಮಾಡದೆ ಬೇರೆ ದಾರೀನೇ ಇಲ್ಲ. 13ನೇ ರೌಂಡು ಶುರುವಾಗಿ ಒಂದು ನಿಮಿಷ ಕೂಡ ಆಗಿರಲಿಲ್ಲ, ವಾಲ್ಕಾಟ್ ಹಗ್ಗಕ್ಕೆ ಬೆನ್ನು ಕೊಟ್ಟು ಬಲಗೈ ಬೀಸೋಕೆ ಹೊರಟ, ಅದಕ್ಕಿಂತ ಮುಂಚೆ ಇವನ ಬಲಗೈ ಗೇಣುದ್ದ ದೂರದಿಂದ ದವಡೆಗೆ ಕೂತಿತು, ವಾಲ್ಕಾಟ್ ಎಡಗೈ ಹಗ್ಗಕ್ಕೆ ಸಿಕ್ಕಿಕೊಂಡು ಹಾಗೇ ಮಂಡಿ ಮೇಲೆ ಕುಸಿದ. ಆ ಒಂದು ಫೈಟು ಉಳಿದ 48ಕ್ಕೆ ಸಮ ಅಂತೀನಿ ನಾನು.

ಇನ್ನು ಕೆಲವರು ಗಣಿತ ಹಾಕ್ತಾರೆ, ಇವನು ಅವನನ್ನ ಸೋಲಿಸಿದ, ಅವನು ಇನ್ನೊಬ್ಬನನ್ನ ಸೋಲಿಸಿದ, ಆದ್ದರಿಂದ ಇವನೇ ದೊಡ್ಡವನು ಅಂತ. ಬಾಕ್ಸಿಂಗಲ್ಲಿ ಆ ಗಣಿತ ನಡೆಯಲ್ಲ. ಮೊಹಮ್ಮದ್ ಅಲಿ 1971ರಲ್ಲಿ ಜೋ ಫ್ರೇಜಿಯರ್ ಕೈಲಿ ಸೋತ, 1973ರಲ್ಲಿ ಕೆನ್ ನಾರ್ಟನ್ ಕೈಲಿ ಸೋತ, ನಾರ್ಟನ್ ಅಂತೂ ದವಡೆನೇ ಮುರಿದಿದ್ದ. ಜಾರ್ಜ್ ಫೋರ್‌ಮನ್ ಆ ಫ್ರೇಜಿಯರನ್ನ ಆರು ಸಲ ನೆಲಕ್ಕೆ ಕೆಡವಿ ಎರಡನೇ ರೌಂಡಲ್ಲಿ ಮುಗಿಸಿದ, ನಾರ್ಟನ್ನನ್ನೂ ಎರಡನೇ ರೌಂಡಲ್ಲೇ. ಲೆಕ್ಕದ ಪ್ರಕಾರ ಆಫ್ರಿಕಾದ ಕಿನ್ಶಾಸಾದಲ್ಲಿ ಫೋರ್‌ಮನ್ ಎದುರಿಗೆ ಆಡಿದಾಗ ಅಲಿ ಆಸ್ಪತ್ರೆ ಸೇರ್ಬೇಕಿತ್ತು. ಆದ್ರೆ 1974ರ ಅಕ್ಟೋಬರ್ 30ಕ್ಕೆ, 32ನೇ ವಯಸ್ಸಲ್ಲಿ, ಹಗ್ಗಕ್ಕೆ ಒರಗಿ ಏಟೆಲ್ಲ ತೋಳಿಗೆ ಪಕ್ಕೆಗೆ ತಗೊಂಡು ಫೋರ್‌ಮನ್ ಸುಸ್ತಾಗೋವರೆಗೆ ಕಾದು 8ನೇ ರೌಂಡಲ್ಲಿ ನಾಕೌಟ್ ಮಾಡಿದ. 1967ರಲ್ಲಿ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ ಟೈಟಲ್ ಕಿತ್ಕೊಂಡು ಮೂರೂವರೆ ವರ್ಷ ಆಡೋಕೇ ಬಿಡಲಿಲ್ಲ ಅವನನ್ನ, ಕಾಲು ಚುರುಕಾಗಿದ್ದ ವರ್ಷಗಳೇ ಅವು, ಅದನ್ನೂ ಮರೀಬಾರ್ದು.

ಬೆಲ್ಟ್, ಅಂದ್ರೆ ಟೈಟಲ್ ಎಣಿಸೋರಿಗೂ ಒಂದು ಮಾತು. 1938ರಲ್ಲಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಫೆದರ್, ಲೈಟ್, ವೆಲ್ಟರ್ ಅನ್ನೋ ಮೂರು ತೂಕದ ಟೈಟಲನ್ನೂ ಒಟ್ಟಿಗೆ ಇಟ್ಕೊಂಡಿದ್ದ, ಆಗ ಇದ್ದಿದ್ದೇ ಎಂಟು ತೂಕದ ವರ್ಗ. ಈಗ ವರ್ಗಗಳು ಅದರ ಎರಡರಷ್ಟಿಗಿಂತ ಜಾಸ್ತಿ, ಹೆಚ್ಚಿನವಕ್ಕೆ ನಾಲ್ಕು ಸಂಸ್ಥೆ, ನಾಲ್ಕು ಚಾಂಪಿಯನ್ ತನಕ ಇರಬಹುದು. ಆದ್ರೂ 1998ರಲ್ಲಿ 112 ಪೌಂಡಲ್ಲಿ ಟೈಟಲ್ ಗೆದ್ದ ಪ್ಯಾಕಿಯಾವೋ 2010ರಲ್ಲಿ 154 ಪೌಂಡಿನ ಟೈಟಲ್ ಗೆದ್ದಿದ್ದನ್ನ ಯಾರೂ ಹಗುರವಾಗಿ ತಗೊಳ್ಳೋಕಾಗಲ್ಲ.

ತೂಕದ ಮಾತು ಬಂದಾಗ ನಮ್ಮ ಮೇರಿ ಕೋಮ್ ಹೆಸರು ಬಿಟ್ರೆ ತಪ್ಪಾಗುತ್ತೆ. 2007ರಲ್ಲಿ ಅವಳಿ ಮಕ್ಕಳಾದ್ವು, 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್. 2012ರ ಲಂಡನ್ ಒಲಿಂಪಿಕ್ಸಲ್ಲಿ ಹೆಂಗಸರಿಗೆ ಕೊಟ್ಟಿದ್ದೇ ಮೂರು ವರ್ಗ, ಅವರ ತೂಕ ಇರಲೇ ಇಲ್ಲ, 51 ಕೆಜಿಗೆ ಏರಿ ತನಗಿಂತ ದೊಡ್ಡ ಹುಡುಗೀರ ಜೊತೆ ಆಡಿ ಕಂಚು ತಂದ್ರು. ಸೆಮಿಫೈನಲ್ಲಲ್ಲಿ ಸೋತಿದ್ದು ಆ ಸಲ ಚಿನ್ನ ಗೆದ್ದ ನಿಕೋಲಾ ಆಡಮ್ಸ್ ಕೈಲಿ. ನನ್ನ ಕಣ್ಣಲ್ಲಿ ಆ ಕಂಚಿಗೆ ಅವರ ಎಷ್ಟೋ ಚಿನ್ನದಷ್ಟೇ ತೂಕ ಇದೆ.

ಹಾಗಾದ್ರೆ ನನ್ನ ಪಟ್ಟಿ? ರಾಬಿನ್ಸನ್ ಮೊದಲು, ಆಮೇಲೆ ಆರ್ಮ್‌ಸ್ಟ್ರಾಂಗ್, ಮೂರನೇದು ಅಲಿ, ಇದರಲ್ಲಿ ಎರಡು ಮತ್ತೆ ಮೂರರ ಬಗ್ಗೆ ಜಗಳ ಆಡೋಕೆ ಬಂದ್ರೆ ಸ್ವಲ್ಪ ಬಗ್ತೀನಿ, ಒಂದರ ಬಗ್ಗೆ ಬಗ್ಗಲ್ಲ. ರಾಬಿನ್ಸನ್ ವೆಲ್ಟರ್‌ವೆಯ್ಟ್ ಆಗಿದ್ದಾಗಿನ ಫಿಲ್ಮ್ ಉಳಿದಿರೋದು ತುಂಬಾ ಕಮ್ಮಿ, ಅದೇ ದೊಡ್ಡ ನಷ್ಟ. ಆದ್ರೆ 1951ರ ಫೆಬ್ರವರಿ 14ಕ್ಕೆ ಚಿಕಾಗೋದಲ್ಲಿ ಲಮೋಟಾ ಜೊತೆ ಆರನೇ ಸಲ ಆಡಿ ಮಿಡಲ್‌ವೆಯ್ಟ್ ಟೈಟಲ್ ಗೆದ್ದ ಫೈಟು ಇದೆ, ಹುಡುಕಿ ನೋಡಿ. ಕೈ ಬಿಟ್ಟು ಕಾಲು ನೋಡಿ, ಹಿಂದೆ ಸರೀತಾನೇ ಹೊಡೀತಾನೆ ಅವನು. 13ನೇ ರೌಂಡಲ್ಲಿ ರೆಫ್ರಿ ನಿಲ್ಲಿಸೋವರೆಗೂ ಪೂರ್ತಿ ನೋಡಿ, ಆಮೇಲೆ ನಿಮ್ಮ ಪಟ್ಟೀಲಿ ಅವನನ್ನ ಎಲ್ಲಿ ಇಡ್ತೀರಿ ಅಂತ ಬರೆದು ತಿಳಿಸಿ. ನಮಸ್ಕಾರ.