ನಾಯಕ ಒಪ್ಪಿದರೂ ಬೆಂಬಲಿಗ ಯಾಕೆ ಒಪ್ಪಲ್ಲ?

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಚುನಾವಣೆ ಬಗ್ಗೆ ಹದಿನೈದು ನಿಮಿಷ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಹದಿನೈದು ನಿಮಿಷದಲ್ಲಿ ಅಮೆರಿಕ ಮುಗಿಯುತ್ತದೆಯೇ? ಅದಕ್ಕೇ ಒಂದೇ ಒಂದು ವಿಷಯ ಹಿಡಿದು ಬಂದಿದ್ದೇನೆ. ಪಕ್ಷದ ಒಳಗಿನ ಪೈಪೋಟಿಯಲ್ಲಿ ಸೋತವರು, ಕೊನೆಗೆ ತಮ್ಮನ್ನು ಸೋಲಿಸಿದವರಿಗೇ ಬೆಂಬಲ ಘೋಷಿಸುತ್ತಾರೆ. ಆಗ ಸೋತವರ ಹಿಂದಿದ್ದ ಜನ ಏನು ಮಾಡುತ್ತಾರೆ? ಪ್ರಶ್ನೆ ಇಷ್ಟೇ.

ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು, ಮೊಮ್ಮಕ್ಕಳು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ಅವರು ಫೋನಿನಲ್ಲಿ ಪ್ರೈಮರಿ, ಪ್ರೈಮರಿ ಅನ್ನುತ್ತಾರೆ. ನೀವು ಈ ಕಡೆ ಹ್ಞೂಂ, ಹ್ಞೂಂ ಅನ್ನುತ್ತೀರಿ. ಮೊದಲು ಅದನ್ನು ಬಿಡಿಸಿ ಹೇಳಿಬಿಡುತ್ತೇನೆ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ತೀರ್ಮಾನ ಮಾಡುವುದು ಹೈಕಮಾಂಡ್. ಟಿಕೆಟ್ ತಪ್ಪಿದವರು ಬಂಡಾಯ ಏಳುತ್ತಾರೆ, ಇಲ್ಲವೇ ರಾತ್ರೋರಾತ್ರಿ ಪಕ್ಷ ಬದಲಿಸುತ್ತಾರೆ. ಅಮೆರಿಕದಲ್ಲಿ ಟಿಕೆಟ್ ಕೊಡುವವರು ಮತದಾರರು. ಒಂದೇ ಪಕ್ಷದ ನಾಲ್ಕಾರು ಮಂದಿ ಅಧ್ಯಕ್ಷ ಸ್ಥಾನದ ಟಿಕೆಟ್‌ಗೆ ನಿಲ್ಲುತ್ತಾರೆ. ಚುನಾವಣೆ ವರ್ಷದ ಶುರುವಿನಿಂದ ಜೂನ್‌ವರೆಗೆ ರಾಜ್ಯಗಳಲ್ಲಿ ಹಂತಹಂತವಾಗಿ ಮತದಾನ ನಡೆಯುತ್ತದೆ. ಅದೇ ಪ್ರೈಮರಿ. ಅಲ್ಲಿ ಗೆದ್ದು ಬಂದ ಪ್ರತಿನಿಧಿಗಳೆಲ್ಲ ಬೇಸಿಗೆಯಲ್ಲಿ ಒಂದು ಊರಿನಲ್ಲಿ ಸಮಾವೇಶ ಸೇರಿ ಅಭ್ಯರ್ಥಿಯ ಹೆಸರಿಗೆ ಮುದ್ರೆ ಒತ್ತುತ್ತಾರೆ. ನವೆಂಬರ್‌ನಲ್ಲಿ ದೊಡ್ಡ ಚುನಾವಣೆ.

ಈ ಆರು ತಿಂಗಳಲ್ಲಿ ಏನಾಗುತ್ತದೆ ಗೊತ್ತಾ? ಒಂದೇ ಪಕ್ಷದವರು ಒಬ್ಬರನ್ನೊಬ್ಬರು ಹಿಗ್ಗಾಮುಗ್ಗಾ ಬೈದುಕೊಳ್ಳುತ್ತಾರೆ. ಬೆಂಬಲಿಗರು ಚಳಿಯಲ್ಲಿ ಮನೆಮನೆ ಬಾಗಿಲು ತಟ್ಟುತ್ತಾರೆ. ಸ್ವಂತ ದುಡ್ಡು ಕೊಡುತ್ತಾರೆ. ಒಬ್ಬರು ಸೋಲುತ್ತಾರೆ. ಸೋತವರು ವೇದಿಕೆ ಹತ್ತಿ ಗೆದ್ದವರ ಕೈ ಹಿಡಿದು ಮೇಲೆತ್ತಿ, ಇನ್ನು ಮೇಲೆ ಇವರೇ ನಮ್ಮ ಅಭ್ಯರ್ಥಿ ಅನ್ನುತ್ತಾರೆ. ಟಿವಿಯಲ್ಲಿ ಕೂತವರು ತಕ್ಷಣ ಲೆಕ್ಕ ಹಾಕುತ್ತಾರೆ: ಇವರ ಮತ ಇಷ್ಟು, ಅವರ ಮತ ಅಷ್ಟು, ಕೂಡಿದರೆ ಗೆಲುವು. ಮತ ಅಂದರೆ ಒಂದು ಮೊಬೈಲಿನಿಂದ ಇನ್ನೊಂದು ಮೊಬೈಲಿಗೆ ಫೋನ್‌ಪೇ ಮಾಡುವ ದುಡ್ಡು ಅಂದುಕೊಂಡಿದ್ದಾರೆ! ಇದನ್ನು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಬೆಂಬಲ ಘೋಷಿಸುವುದು ಸೋತವರ ಕೆಲಸ. ಮತ ಸಂಪಾದಿಸುವುದು ಗೆದ್ದವರ ಕೆಲಸ. ಮೊದಲನೆಯದು ಆಯಿತು ಅಂತ ಎರಡನೆಯದು ತಾನಾಗಿ ಆಗುವುದಿಲ್ಲ.

ಇದಕ್ಕೆ 2016ರ ಕಥೆ ಹೇಳುತ್ತೇನೆ. ನನಗೆ ತುಂಬಾ ಇಷ್ಟದ ಕಥೆ, ಸ್ವಲ್ಪ ಉದ್ದವಾಗಬಹುದು.

ಡೆಮಾಕ್ರಟಿಕ್ ಪಕ್ಷದಲ್ಲಿ ಆ ವರ್ಷ ಹಿಲರಿ ಕ್ಲಿಂಟನ್ ಎದುರು ನಿಂತವರು ಬರ್ನಿ ಸ್ಯಾಂಡರ್ಸ್. ವರ್ಮಾಂಟ್ ಅನ್ನುವ ಪುಟ್ಟ ರಾಜ್ಯದ ಸೆನೆಟರ್. ಎಪ್ಪತ್ತು ದಾಟಿದ ಮನುಷ್ಯ, ಕೆದರಿದ ಬಿಳಿ ಕೂದಲು, ಗಟ್ಟಿ ಗಂಟಲು. ನನಗೆ ಕೋಟ್ಯಧಿಪತಿಗಳ ದುಡ್ಡು ಬೇಡ, ನನ್ನ ಜನ ಕೊಡುವುದು ಸರಾಸರಿ 27 ಡಾಲರ್ ಅಂತ ಸಭೆ ಸಭೆಯಲ್ಲೂ ಹೇಳುತ್ತಿದ್ದರು. ಎಷ್ಟು ಸಲ ಹೇಳಿದರು ಅಂದರೆ, ಅವರು ಸರಾಸರಿ ಎಷ್ಟು ಅಂತ ಕೇಳಿದರೆ ಸಾಕು, ಸಭೆಯೇ ಇಪ್ಪತ್ತೇಳು ಅಂತ ಕೂಗುತ್ತಿತ್ತು. ಹಾಗಾದರೆ ಹಿಲರಿ? ಗೋಲ್ಡ್‌ಮನ್ ಸ್ಯಾಕ್ಸ್ ಅನ್ನುವ ದೊಡ್ಡ ಬ್ಯಾಂಕಿನಲ್ಲಿ ಮೂರು ಭಾಷಣ ಮಾಡಿ, ಒಂದೊಂದಕ್ಕೆ 2,25,000 ಡಾಲರ್ ತೆಗೆದುಕೊಂಡಿದ್ದರು. ಅಷ್ಟು ದುಡ್ಡು ಕೊಟ್ಟು ಕೇಳುವಂಥ ಭಾಷಣ ಏನಿತ್ತು, ಅದನ್ನು ನಮಗೂ ತೋರಿಸಿ ಅಂತ ಸ್ಯಾಂಡರ್ಸ್ ತಿಂಗಳುಗಟ್ಟಲೆ ಕೆಣಕಿದರು.

ಈಗ ನೀವು ಆ 27 ಡಾಲರ್ ಕೊಟ್ಟ ಹುಡುಗಿ ಅಂದುಕೊಳ್ಳಿ. ಕಾಲೇಜು ಸಾಲ ತಲೆ ಮೇಲಿದೆ. ಆ ಮಾತನ್ನೆಲ್ಲ ನಂಬಿದ್ದೀರಿ, ನಾಲ್ಕು ಮನೆಗೆ ಹೋಗಿ ನೀವೇ ಹೇಳಿಯೂ ಬಂದಿದ್ದೀರಿ. ಜುಲೈ 12ರಂದು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಊರಿನ ಒಂದು ಹೈಸ್ಕೂಲಿನಲ್ಲಿ ಅದೇ ಸ್ಯಾಂಡರ್ಸ್ ಹಿಲರಿ ಪಕ್ಕ ನಿಂತು, ನಾನು ಇವರನ್ನು ಬೆಂಬಲಿಸುತ್ತೇನೆ ಅನ್ನುತ್ತಾರೆ. ಅದೂ ಎಲ್ಲಿ? ಫೆಬ್ರವರಿಯಲ್ಲಿ ಇದೇ ಹಿಲರಿಯನ್ನು ಶೇಕಡಾ 60 ಮತ ಪಡೆದು ಸೋಲಿಸಿದ ರಾಜ್ಯದಲ್ಲಿ. ನಿಮಗೆ ಏನನ್ನಿಸುತ್ತದೆ? ಮೋಸ ಅನ್ನಿಸುತ್ತದೆ, ಅಲ್ವಾ? ಸ್ಯಾಂಡರ್ಸ್ ಮೋಸ ಮಾಡಲಿಲ್ಲ. ಎದುರು ಪಕ್ಷದ ಟ್ರಂಪ್ ಬರಬಾರದು ಅನ್ನುವುದು ಅವರ ಲೆಕ್ಕ. ಆದರೆ ಸಿಟ್ಟು ಲೆಕ್ಕ ಕೇಳುವುದಿಲ್ಲ.

ಇನ್ನು ಹತ್ತು ದಿನಕ್ಕೆ ಗಾಯಕ್ಕೆ ಉಪ್ಪು ಬಿತ್ತು. ಜುಲೈ 22ಕ್ಕೆ, ಗುಟ್ಟಿನ ಕಾಗದಪತ್ರ ಬಯಲಿಗೆಳೆಯುವ ವಿಕಿಲೀಕ್ಸ್ ಅನ್ನುವ ಜಾಲತಾಣ, ಡೆಮಾಕ್ರಟಿಕ್ ಪಕ್ಷದ ಕಚೇರಿಯ ಸುಮಾರು 20,000 ಇಮೇಲ್ ಹೊರಗೆ ಹಾಕಿತು. ಪಕ್ಷದ ಕಚೇರಿಯವರು ಸ್ಯಾಂಡರ್ಸ್ ಬಗ್ಗೆ ಒಳಗೊಳಗೇ ಏನು ಮಾತಾಡುತ್ತಿದ್ದರು ಅನ್ನುವುದು ಬಯಲಾಯಿತು. ಪಕ್ಷದ ಅಧ್ಯಕ್ಷೆ ಡೆಬಿ ವಾಸರ್‌ಮನ್ ಶುಲ್ಟ್ಜ್ ಜುಲೈ 24ಕ್ಕೆ ರಾಜೀನಾಮೆ ಘೋಷಿಸಬೇಕಾಯಿತು. ಇಲ್ಲಿಗೆ ಮುಗಿದಿದ್ದರೆ ಬೆಂಬಲಿಗರ ಸಿಟ್ಟು ಸ್ವಲ್ಪ ಇಳಿಯುತ್ತಿತ್ತೇನೋ. ಹಿಲರಿ ಏನು ಮಾಡಿದರು? ಅದೇ ದಿನ ಆಕೆಯನ್ನು ತಮ್ಮ ಪ್ರಚಾರದ ಗೌರವಾಧ್ಯಕ್ಷೆಯಾಗಿ ಕರೆದುಕೊಂಡರು! ಗೆದ್ದವರು ಮಾಡಬೇಕಾದ ಕೆಲಸ ಅಂದೆನಲ್ಲ, ಮಾಡಬಾರದ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ಇದನ್ನು ತೋರಿಸಿ.

ಮರುದಿನ, ಜುಲೈ 25, ಸೋಮವಾರ. ಫಿಲಡೆಲ್ಫಿಯಾದಲ್ಲಿ ಸಮಾವೇಶ ಶುರು. ಸ್ಯಾಂಡರ್ಸ್ ಪರವಾಗಿ 1,800ಕ್ಕೂ ಜಾಸ್ತಿ ಪ್ರತಿನಿಧಿಗಳು ಗೆದ್ದಿದ್ದರು. ಎಷ್ಟೋ ಜನ ಪ್ರಯಾಣದ ಖರ್ಚಿಗೆ ಚಂದಾ ಎತ್ತಿ ಬಂದಿದ್ದರು. ಮಧ್ಯಾಹ್ನ ಅವರನ್ನೆಲ್ಲ ಒಂದು ಹಾಲ್‌ನಲ್ಲಿ ಸೇರಿಸಿ ಸ್ಯಾಂಡರ್ಸ್ ಮಾತಾಡಿದರು. ಟ್ರಂಪ್ ಸೋಲಬೇಕು ಅಂದಾಗ ಚಪ್ಪಾಳೆ. ಹಿಲರಿ ಕ್ಲಿಂಟನ್ ಗೆಲ್ಲಬೇಕು ಅಂದರು ನೋಡಿ, ಹಾಲ್ ತುಂಬಾ ಬೂ, ಬೂ ಅಂತ ಕೂಗು. ನಮಗೆ ಬರ್ನಿ ಬೇಕು, ನಮಗೆ ಬರ್ನಿ ಬೇಕು ಅಂತ ಘೋಷಣೆ. ಯಾರಿಗೆ ಕೂಗುತ್ತಿದ್ದಾರೆ? ಬರ್ನಿ ಎದುರಿಗೇ ನಿಂತಿದ್ದಾರೆ! ಬರ್ನಿ ಬೇಕು ಅಂತ ಬರ್ನಿಯ ಬಾಯಿಯನ್ನೇ ಮುಚ್ಚಿಸುತ್ತಿದ್ದಾರೆ. ಅವರು ಕೈ ಎತ್ತಿ ಸುಮ್ಮನಿರಿಸಿ, ಸೋದರ ಸೋದರಿಯರೇ, ನಾವು ಬದುಕಿರುವ ಲೋಕ ಇರುವುದೇ ಹೀಗೆ ಅಂದರು. ಪ್ರಯೋಜನ ಆಗಲಿಲ್ಲ. ಸಂಜೆಗೆ ಎಲ್ಲರ ಮೊಬೈಲಿಗೂ ಸಂದೇಶ ಹೋಯಿತು: ನನ್ನ ಮೇಲಿನ ವಿಶ್ವಾಸಕ್ಕಾದರೂ ಸಭೆಯಲ್ಲಿ ಗಲಾಟೆ ಮಾಡಬೇಡಿ. ಗಲಾಟೆ ಆಯಿತು.

ಅದೇ ರಾತ್ರಿ ಹಾಸ್ಯ ಕಲಾವಿದೆ ಸಾರಾ ಸಿಲ್ವರ್‌ಮನ್ ವೇದಿಕೆಗೆ ಬಂದರು. ಪ್ರೈಮರಿಯಲ್ಲಿ ಅವರೂ ಸ್ಯಾಂಡರ್ಸ್ ಕಡೆಯವರೇ. ಕೂಗುತ್ತಿದ್ದವರ ಕಡೆ ತಿರುಗಿ, ನೀವು ಆಡುತ್ತಿರುವುದು ನಗೆಪಾಟಲು ಅಂತ ಗದರಿದರು. ಅರ್ಧ ಸಭೆ ಹೋ ಅಂತ ಖುಷಿಪಟ್ಟಿತು. ಖುಷಿಪಟ್ಟವರು ಯಾರು? ಮೊದಲಿಂದಲೂ ಹಿಲರಿಗೆ ಮತ ಹಾಕುವವರು! ನೊಂದು ಕೂತವರನ್ನು ಗದರಿ ಮತ ಪಡೆದವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಆಮೇಲೆ ಸ್ಯಾಂಡರ್ಸ್ ಬಂದು ನಿಂತರು. ಅವರಿಗೆ ಮಾತು ಶುರು ಮಾಡಲು ಬಿಡದೆ ಜನ ನಿಮಿಷಗಟ್ಟಲೆ ಚಪ್ಪಾಳೆ ಹೊಡೆದರು. ಕ್ಯಾಮೆರಾ ಹೋದ ಕಡೆಯೆಲ್ಲ ಅಳುವ ಮುಖಗಳು. ಹಿಲರಿ ಒಳ್ಳೆಯ ಅಧ್ಯಕ್ಷೆ ಆಗುತ್ತಾರೆ ಅಂತ ಸ್ಯಾಂಡರ್ಸ್ ಸ್ಪಷ್ಟವಾಗಿ ಹೇಳಿದರು. ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ಮಂಗಳವಾರ ರಾಜ್ಯಗಳ ಹೆಸರು ಕೂಗಿ ಮತ ಎಣಿಸುವ ಶಾಸ್ತ್ರ. ವಿದೇಶದಲ್ಲಿರುವ ಡೆಮಾಕ್ರಾಟರ ಸರದಿ ಬಂದಾಗ ಮೈಕ್ ಹಿಡಿದವರು ಲ್ಯಾರಿ ಸ್ಯಾಂಡರ್ಸ್, ಬರ್ನಿಯ ಅಣ್ಣ. ಇಂಗ್ಲೆಂಡಿನಲ್ಲಿ ನೆಲೆಸಿದವರು. ತೀರಿಹೋದ ಅಪ್ಪ ಅಮ್ಮನ ಹೆಸರು ಹೇಳಿದರು. ಅವರ ಬದುಕು ಸುಲಭದ್ದಾಗಿರಲಿಲ್ಲ, ಚಿಕ್ಕ ವಯಸ್ಸಿಗೇ ಹೋಗಿಬಿಟ್ಟರು, ಇವತ್ತು ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು ಅಂದರು. ದನಿ ನಡುಗುತ್ತಿತ್ತು. ತಮ್ಮನಿಗೆ ಮತ ಹಾಕಿದರು. ಆ ಕಡೆ ಬರ್ನಿಯ ಕಣ್ಣಲ್ಲಿ ನೀರು. ಆ ವಿಡಿಯೋ ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ. ಕೊನೆಗೆ ವರ್ಮಾಂಟ್ ಸರದಿ. ಸ್ಯಾಂಡರ್ಸ್ ತಾವೇ ಎದ್ದು, ಹಿಲರಿ ಕ್ಲಿಂಟನ್ ನಮ್ಮ ಅಭ್ಯರ್ಥಿ ಅಂತ ಸೂಚಿಸಿದರು. ಸೋತ ಮನುಷ್ಯ ಇದಕ್ಕಿಂತ ಜಾಸ್ತಿ ಇನ್ನೇನು ಮಾಡಬೇಕು ಹೇಳಿ? ಆದರೂ ಅವರ ಪ್ರತಿನಿಧಿಗಳಲ್ಲಿ ಒಂದು ಗುಂಪು ಎದ್ದು ಹೊರಗೆ ನಡೆಯಿತು. ಪತ್ರಕರ್ತರ ಡೇರೆಗೆ ಹೋಗಿ ನೆಲದ ಮೇಲೆ ಕೂತುಬಿಟ್ಟರು. ಕೆಲವರು ಬಾಯಿಗೆ ಟೇಪ್ ಅಂಟಿಸಿಕೊಂಡಿದ್ದರು.

ನವೆಂಬರ್‌ನಲ್ಲಿ ಏನಾಯಿತು? ಸ್ಯಾಂಡರ್ಸ್‌ಗೆ ಮತ ಹಾಕಿದ್ದವರಲ್ಲಿ ಹೆಚ್ಚಿನವರು ಮೂಗು ಮುಚ್ಚಿಕೊಂಡಾದರೂ ಹಿಲರಿಗೇ ಹಾಕಿದರು. ಇದನ್ನು ಮರೆಯಬೇಡಿ. ಕೂಗಾಡಿದವರು ಕ್ಯಾಮೆರಾಕ್ಕೆ ಸಿಕ್ಕರು, ಮನೆಯಲ್ಲಿ ಸುಮ್ನೆ ಕೂತು ಯೋಚಿಸಿದವರು ಸಿಗಲಿಲ್ಲ. ಆದರೆ ಚುನಾವಣೆ ನಂತರದ ದೊಡ್ಡ ಸಮೀಕ್ಷೆಯೊಂದರಲ್ಲಿ, ಸ್ಯಾಂಡರ್ಸ್ ಮತದಾರರಲ್ಲಿ ಸುಮಾರು ಶೇಕಡಾ 12 ಮಂದಿ ಟ್ರಂಪ್‌ಗೆ ಹಾಕಿದ್ದು ಕಂಡಿತು. ಮಿಷಿಗನ್‌ನಲ್ಲಿ ಟ್ರಂಪ್ ಗೆದ್ದ ಅಂತರ ಸುಮಾರು 10,700 ಮತ. ವಿಸ್ಕಾನ್ಸಿನ್‌ನಲ್ಲಿ 23,000ಕ್ಕೂ ಕಮ್ಮಿ. ಎರಡೂ ಪ್ರೈಮರಿಯಲ್ಲಿ ಸ್ಯಾಂಡರ್ಸ್ ಗೆದ್ದ ರಾಜ್ಯಗಳು. ಸಮಾವೇಶ ಮುಗಿದ ಮೇಲೆ ಹಿಲರಿ ವಿಸ್ಕಾನ್ಸಿನ್‌ಗೆ ಎಷ್ಟು ಸಲ ಹೋದರು? ಒಂದು ಸಲವೂ ಇಲ್ಲ. ಸೋತವರು ಬೆಂಬಲ ಘೋಷಿಸಿ ಆಯಿತಲ್ಲ, ಇನ್ನೇನು ಅಂದುಕೊಂಡರು. ಮತ ಸಂಪಾದಿಸುವುದು ಗೆದ್ದವರ ಕೆಲಸ ಸ್ವಾಮಿ, ಆ ಕೆಲಸ ಬಾಕಿ ಉಳಿಯಿತು.

ಇದೇ ಹಿಲರಿ ಎಂಟು ವರ್ಷ ಹಿಂದೆ ಆ ಕಡೆಯ ಕುರ್ಚಿಯಲ್ಲಿದ್ದರು. 2008ರಲ್ಲಿ ಒಬಾಮಾ ಎದುರು ಸೋತವರು ಅವರೇ. ಸುಮಾರು 1 ಕೋಟಿ 80 ಲಕ್ಷ ಮತ ಪಡೆದು ಸೋತಿದ್ದರು. ಅವರ ಕಡೆಯ ಹೆಂಗಸರ ಸಿಟ್ಟು ಕಡಿಮೆಯದಲ್ಲ. ಪೂಮಾ ಅಂತ ಒಂದು ಬಣವೇ ಹುಟ್ಟಿಕೊಂಡಿತು. ಅದರ ಪೂರ್ತಿ ಹೆಸರು ಬಾನುಲಿಯಲ್ಲಿ ಹೇಳುವಂಥದ್ದಲ್ಲ, ಬಿಡಿ. ಒಬಾಮಾ ಏನು ಮಾಡಿದರು? ಹಿಲರಿಯ ಪ್ರಚಾರದ ಸಾಲ ತೀರಿಸಲು ತಮ್ಮ ಕೈಯಿಂದ 2,300 ಡಾಲರ್ ಚೆಕ್ ಬರೆದುಕೊಟ್ಟರು. ಮರುದಿನ, ಜೂನ್ 27ರಂದು, ಇಬ್ಬರೂ ಸೇರಿ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಅನ್ನುವ ಹಳ್ಳಿಗೆ ಹೋದರು. ಪ್ರೈಮರಿಯಲ್ಲಿ ಆ ಹಳ್ಳಿ ಹಿಲರಿಗೆ 107, ಒಬಾಮಾಗೆ 107 ಮತ ಕೊಟ್ಟಿತ್ತು! ಆಗಸ್ಟ್‌ನಲ್ಲಿ ಡೆನ್ವರ್ ಸಮಾವೇಶದಲ್ಲಿ ಹಿಲರಿ ತಮ್ಮವರನ್ನು ನೇರವಾಗಿ ಕೇಳಿದರು: ನೀವು ಇಷ್ಟು ದಿನ ದುಡಿದದ್ದು ಬರೀ ನನಗೋಸ್ಕರವಾ? ಗದರಲಿಲ್ಲ, ಕೇಳಿದರು. ನವೆಂಬರ್‌ನಲ್ಲಿ ಮತ ಹಾಕಿ ಹೊರಬಂದವರನ್ನು ವಿಚಾರಿಸಿದಾಗ, ಹಿಲರಿ ಕಡೆಯ ಡೆಮಾಕ್ರಾಟರಲ್ಲಿ ಶೇಕಡಾ 80ಕ್ಕೂ ಜಾಸ್ತಿ ಜನ ಒಬಾಮಾಗೆ ಹಾಕಿದ್ದರು. ಆಮೇಲೆ ಒಬಾಮಾ ಆಕೆಯನ್ನು ವಿದೇಶಾಂಗ ಸಚಿವೆ ಮಾಡಿದರು.

ಹೊತ್ತಾಗುತ್ತಿದೆ. ಟೆಡ್ ಕ್ರೂಜ್ ಕಥೆ ವಿವರವಾಗಿ ಹೇಳಬೇಕು ಅಂತಿದ್ದೆ, ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಪ್ರೈಮರಿಯಲ್ಲಿ ಟ್ರಂಪ್ ಎದುರು ಸೋತವರು ಅವರು. 2016ರಲ್ಲಿ ಆ ಪಕ್ಷದ ಸಮಾವೇಶದ ವೇದಿಕೆಯಲ್ಲೇ ನಿಂತು ಟ್ರಂಪ್‌ಗೆ ಬೆಂಬಲ ಅನ್ನಲಿಲ್ಲ, ನಿಮ್ಮ ಮನಸ್ಸಾಕ್ಷಿಗೆ ಸರಿಯಾಗಿ ಮತ ಹಾಕಿ ಅಂದರು. ಟ್ರಂಪ್ ಕಡೆಯವರು ಕೂಗಿ ಇಳಿಸಿದರು. ಎರಡು ತಿಂಗಳಿಗೆ ಬೆಂಬಲ ಘೋಷಿಸಿದರು, ಆಗ ಅವರ ಕಡೆಯವರೇ ಕೆಲವರು ಬೈದರು.

ಇನ್ನು 2024. ನಿಕ್ಕಿ ಹೇಲಿ, ಪಂಜಾಬಿನಿಂದ ಹೋದ ಸಿಖ್ ದಂಪತಿಯ ಮಗಳು, ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಎದುರು ನಿಂತವರು. ಮಾರ್ಚ್ 6ಕ್ಕೆ ಕಣದಿಂದ ಹಿಂದೆ ಸರಿದರು. ಆ ದಿನ ಟ್ರಂಪ್‌ಗೆ ಬೆಂಬಲ ಅನ್ನಲಿಲ್ಲ. ನನ್ನ ಕಡೆಯವರ ಮತ ಸಂಪಾದಿಸುವುದು ಇನ್ನು ಟ್ರಂಪ್‌ಗೆ ಬಿಟ್ಟದ್ದು ಅಂದರು. ನಾನು ಇಷ್ಟು ಹೊತ್ತು ಕೂಗಿ ಹೇಳಿದ್ದನ್ನು ಆಕೆ ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ಎರಡು ತಿಂಗಳ ನಂತರ, ಮೇ 7ಕ್ಕೆ ಇಂಡಿಯಾನಾದ ಪ್ರೈಮರಿ. ಹೇಲಿ ಕಣದಲ್ಲೇ ಇಲ್ಲ, ಹೆಸರು ಮಾತ್ರ ಮತಪತ್ರದಲ್ಲಿ ಉಳಿದಿತ್ತು. ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಅವರಿಗೇ ಹಾಕಿದರು. ಜುಲೈನಲ್ಲಿ ಮಿಲ್ವಾಕಿ ಸಮಾವೇಶಕ್ಕೆ ಬಂದು ಟ್ರಂಪ್‌ಗೆ ನನ್ನ ಪೂರ್ತಿ ಬೆಂಬಲ ಅಂದರು. ಆಮೇಲೆ ತಮ್ಮ ಕಡೆಯವರಿಗೆ ಅಂತ ಇನ್ನೊಂದು ಮಾತು ಸೇರಿಸಿದರು: ಟ್ರಂಪ್‌ಗೆ ಮತ ಹಾಕಲು ಅವರು ಹೇಳಿದ್ದನ್ನೆಲ್ಲ ನೂರಕ್ಕೆ ನೂರು ಒಪ್ಪಬೇಕಾಗಿಲ್ಲ.

ನಮಸ್ಕಾರ.