ಮಳೆ ಬಾರದ ದಿನದ ಲೆಕ್ಕ

(ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಮಳೆ ಲೆಕ್ಕದ ಬಳಗದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಇಷ್ಟು ಜನ ಬಂದಿದ್ದೀರಿ. ಬೀದರಿನಿಂದ ನಸುಕಿನ ಬಸ್ಸು ಹಿಡಿದವರಿದ್ದೀರಿ. ಸುರಪುರದಿಂದ ರಾತ್ರಿಯೇ ಬಂದು ನೆಂಟರ ಮನೆಯಲ್ಲಿ ಉಳಿದವರಿದ್ದೀರಿ. ಮೊದಲು ಎಲ್ಲರೂ ನೀರು ಕುಡಿಯಿರಿ. ಹಿಂದಿನ ಸಾಲಿಗೆ ಫ್ಯಾನಿನ ಗಾಳಿ ಬರುತ್ತಿಲ್ಲ ಅನ್ನಿಸಿದರೆ ಮುಂದೆ ಬಂದು ಕೂತುಕೊಳ್ಳಿ.

ಹೋದ ವರ್ಷ ಇದೇ ಹೊತ್ತಿಗೆ ನಾವೆಲ್ಲ ಒಂದು ಮೇಜಿನ ಸುತ್ತ ಹಿಡಿಸುತ್ತಿದ್ದೆವು. ಒಂದು ಟ್ರೇ ಚಹಾ ಸಾಕಾಗಿತ್ತು. ಈ ಸಲ ಹಾಲ್ ಹುಡುಕಬೇಕಾಯಿತು. ಬಳಗ ಹೇಗೆ ಬೆಳೆಯಿತು, ಯಾರು ಯಾರು ಕೈಜೋಡಿಸಿದರು ಅಂತ ಹೇಳಿ ಎಂದು ಕೇಳಿದ್ದಾರೆ. ಹೇಳುತ್ತೇನೆ. ಆದರೆ ಸೊನ್ನೆಯಿಂದ ಶುರು ಮಾಡುತ್ತೇನೆ.

ಜೂನ್ ಕೊನೆಯ ವಾರ. ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮಳೆ ಮಾಪಕ ಒಬ್ಬ ಅಕ್ಕನವರ ಅಂಗಳದಲ್ಲಿದೆ. ಒಂಬತ್ತು ದಿನದಿಂದ ಅವರ ಲೆಕ್ಕ ಬಂದಿರಲಿಲ್ಲ. ಫೋನ್ ಮಾಡಿದೆ.

"ಅಕ್ಕಾ, ಆರಾಮ ಇದ್ದೀರಾ? ಲೆಕ್ಕ ಬಂದಿಲ್ಲವಲ್ಲ?"

"ಆರಾಮ ಇದ್ದೀನ್ರಿ ಸರ. ಮಳಿನೇ ಬಂದಿಲ್ಲ. ಬರಿಯೂದೇನದ ಅದರಾಗ?"

ನ್ಯಾಯವಾದ ಪ್ರಶ್ನೆ, ಅಲ್ವಾ? ನಾನು ಕೇಳಿದೆ: "ನೀವು ಬರೆಯದೆ ಬಿಟ್ಟರೆ, ಹತ್ತು ವರ್ಷ ಆದ ಮೇಲೆ ಆ ವಹಿ ತೆರೆದವರಿಗೆ ಏನು ತಿಳಿಯುತ್ತದೆ?" ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಹೇಳಿದರು. "ನಾ ತವರಿಗೆ ಹೋಗಿದ್ನೇನೋ ಅನ್ಕೋತಾರ. ಇಲ್ಲಾ ಬಾಟ್ಲಿ ಒಡದಿತ್ತೇನೋ ಅನ್ಕೋತಾರ. ಮಳಿ ಬಂದಿದ್ದಿಲ್ಲ ಅಂತ ಗೊತ್ತಾಗಂಗಿಲ್ಲ."

ಅಷ್ಟೇ. ವಹಿಯಲ್ಲಿ ಖಾಲಿ ಬಿಟ್ಟ ಚೌಕಕ್ಕೂ ಸೊನ್ನೆ ತುಂಬಿದ ಚೌಕಕ್ಕೂ ಇರುವ ವ್ಯತ್ಯಾಸವನ್ನು ನಾನು ಕಾಲೇಜಿನಲ್ಲಿ ಇಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ. ಅವತ್ತಿನಿಂದ ಆ ಅಕ್ಕ ಒಂದು ದಿನವೂ ತಪ್ಪಿಸಿಲ್ಲ. ಅವರ ವಹಿ ಇವತ್ತು ಆ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಹೋಗುವಾಗ ನೋಡಿ. ಒಂದು ಪುಟದ ತುಂಬ ಮೇಲಿನಿಂದ ಕೆಳಗೆ ಸೊನ್ನೆಗಳೇ ಇವೆ. ಪ್ರತಿ ಸೊನ್ನೆಯನ್ನೂ ರಂಗೋಲಿ ಚುಕ್ಕಿಯ ಹಾಗೆ ದುಂಡಗೆ ಬರೆದಿದ್ದಾರೆ.

ಆ ಪುಟ ಯಾಕೆ ಮುಖ್ಯ? ತೊಗರಿ ಬಿತ್ತಿದ ಮೇಲೆ ಮಳೆ ತೆರಪು ಕೊಟ್ಟರೆ ಎಷ್ಟು ದಿನ ತಡೆದೀತು ಅನ್ನುವುದು ಇಲ್ಲಿ ಕೂತಿರುವ ರೈತರಿಗೆ ನನಗಿಂತ ಜಾಸ್ತಿ ಗೊತ್ತು. ತಿಂಗಳ ಕೊನೆಗೆ ಒಟ್ಟು ಮಳೆ ಸರಿ ಇದ್ದರೂ ಬೆಳೆ ಒಣಗಿರಬಹುದು. ಇಡೀ ತಿಂಗಳ ಮಳೆ ಎರಡೇ ದಿನದಲ್ಲಿ ಬಿದ್ದು ಹೋದರೆ ಲೆಕ್ಕದ ಕಾಗದದಲ್ಲಿ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಸೊನ್ನೆಗಳನ್ನು ಎಣಿಸಿದಾಗ ಮಾತ್ರ ಬರ ಕಣ್ಣಿಗೆ ಬೀಳುತ್ತದೆ.

2023ರ ಆಗಸ್ಟ್ ನೆನಪಿದೆಯಾ? ದೇಶದ ಲೆಕ್ಕದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಮಳೆ ಶೇಕಡಾ 36ರಷ್ಟು ಕಡಿಮೆ ಆಗಿತ್ತು. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. 120 ವರ್ಷದ ಹಿಂದಿನದಕ್ಕೆ ಹೋಲಿಸಿ ಇಂಥ ಮಾತು ಹೇಳಲು ಹೇಗೆ ಸಾಧ್ಯವಾಯಿತು? ಯಾವುದೋ ತಹಸೀಲ್ ಕಚೇರಿಯ ಹಿತ್ತಲಲ್ಲಿ, ಯಾರೋ ಒಬ್ಬರು, ಮಳೆ ಇಲ್ಲದ ಬೆಳಿಗ್ಗೆಯೂ ಹೋಗಿ ನೋಡಿ ಸೊನ್ನೆ ಬರೆದಿದ್ದರು. ಅವರ ಹೆಸರು ಎಲ್ಲೂ ಇಲ್ಲ. ನನಗೆ ಅವರ ಮೇಲೆ ತುಂಬಾ ಗೌರವ.

ಹೊಸದಾಗಿ ಸೇರಿದವರಿಗಾಗಿ ನಮ್ಮ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಎಂಟೂವರೆಗೆ ಮಾಪಕದ ಹತ್ತಿರ ಹೋಗಬೇಕು. ದೇಶದ ಎಲ್ಲಾ ಕಡೆ ಇದೇ ಹೊತ್ತು. ಮಾಪಕದ ಬಾಯಿ 127 ಮಿಲಿಮೀಟರ್ ಅಗಲ, ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಗಿಡ, ಗೋಡೆ ಎಷ್ಟು ಎತ್ತರ ಇವೆಯೋ ಕನಿಷ್ಠ ಅದರ ಎರಡರಷ್ಟು ದೂರ ಇರಬೇಕು. ಒಳಗಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಗ್ಲಾಸನ್ನು ಮಟ್ಟದ ಕಲ್ಲಿನ ಮೇಲಿಟ್ಟು, ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ನೀರು ಅಂಚಿನಲ್ಲಿ ಸ್ವಲ್ಪ ಮೇಲೆ ಏರಿರುತ್ತದೆ, ನಡುವೆ ತಗ್ಗಿರುತ್ತದೆ. ಆ ತಗ್ಗಿನ ಗೆರೆಯನ್ನೇ ಬರೆಯಬೇಕು. ಬೇವಿನ ಎಲೆ ಬಿದ್ದು ಕೊಳವೆ ಕಟ್ಟಿಕೊಂಡಿದೆಯಾ, ಕಣಜದ ಹುಳ ಗೂಡು ಕಟ್ಟಿದೆಯಾ ನೋಡಬೇಕು. ಶಹಾಪುರದ ಒಂದು ಮನೆಯಲ್ಲಿ ಮಳೆ ಇಲ್ಲದ ದಿನವೂ ಒಂದೆರಡು ಹನಿ ಸಿಗುತ್ತಿದ್ದವು. ಪಕ್ಕದ ತುಳಸಿ ಕಟ್ಟೆಗೆ ಅಜ್ಜಿ ನೀರು ಹಾಕುವಾಗ ಸಿಡಿಯುತ್ತಿತ್ತು. ಅಜ್ಜಿಗೆ ಏನೂ ಹೇಳಲಿಲ್ಲ, ಮಾಪಕವನ್ನೇ ಆಚೆ ಇಟ್ಟೆವು.

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,047 ಲೀಟರ್. ಒಂದು ಇಂಚು ಮಳೆ ಬಿತ್ತು ಅಂತ ನಾವು ಸುಮ್ನೆ ಹೇಳುತ್ತೇವಲ್ಲ, ಅದು ಎಕರೆಗೆ ಒಂದು ಲಕ್ಷ ಲೀಟರಿಗಿಂತ ಜಾಸ್ತಿ. ಆಳಂದದ ಒಬ್ಬ ಕಾಕಾ ಈ ಲೆಕ್ಕ ಕೇಳಿದ ಮರುವಾರವೇ ಬದು ಗಟ್ಟಿ ಮಾಡಿಸಿದರು. ಇಷ್ಟು ನೀರು ಸುಮ್ಮನೆ ಹಳ್ಳಕ್ಕೆ ಬಿಟ್ಟೆನಲ್ಲ ಅಂತ ಸಂಕಟಪಟ್ಟರು.

"ಸರಕಾರದ ಮಾಪಕಗಳಿವೆಯಲ್ಲ, ನಿಮ್ಮದು ಯಾಕೆ?" ಅಂತ ಕೇಳುವವರಿದ್ದಾರೆ. ಇವೆ, ಒಳ್ಳೆಯವೇ ಇವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ರಾಜ್ಯದ ಸಂಸ್ಥೆ ಇವತ್ತು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆ ಲೆಕ್ಕ ಕಳಿಸುತ್ತವೆ. ಅದನ್ನು ನಾವು ದಿನಾ ನೋಡುತ್ತೇವೆ, ನಮ್ಮ ಓದನ್ನು ಅದರ ಜೊತೆ ಹೋಲಿಸುತ್ತೇವೆ. ಆದರೆ ಒಂದು ಪಂಚಾಯಿತಿಯಲ್ಲಿ ನಾಲ್ಕಾರು ಹಳ್ಳಿ ಇರುತ್ತವೆ. ಎತ್ತಿನ ಒಂದು ಕೋಡು ತೊಯ್ದರೆ ಇನ್ನೊಂದು ಕೋಡು ಒಣಗೇ ಇರುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಹೋದ ಮುಂಗಾರಿನಲ್ಲಿ ಒಂದೇ ಸಂಜೆ ಒಂದು ಊರಲ್ಲಿ ಗ್ಲಾಸು ಎರಡು ಸಲ ತುಂಬಿತು, ಹಳ್ಳದಾಚೆಯ ಊರಲ್ಲಿ ಮಾಪಕದ ತಳವೂ ಒದ್ದೆಯಾಗಲಿಲ್ಲ.

ಇದರಿಂದ ಒಂದು ನೋವೂ ಇದೆ. ಆ ಒಣಗಿದ ಊರಿನವರು ಬೆಳೆ ವಿಮೆ ಕೇಳಲು ಹೋದಾಗ "ನಿಮ್ಮ ಕಡೆ ಮಳೆ ಸರಿಯಾಗಿಯೇ ಆಗಿದೆ" ಅಂತ ಉತ್ತರ ಬಂತು. ನಮ್ಮ ವಹಿ ಹಿಡಿದುಕೊಂಡು ನಾನೂ ಜೊತೆಗೆ ಹೋಗಿದ್ದೆ. ಅದು ಸರಕಾರಿ ದಾಖಲೆ ಅಲ್ಲ, ನಡೆಯಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ನಮ್ಮ ಲೆಕ್ಕ ಇವತ್ತು ಯಾರಿಗೂ ದುಡ್ಡು ಕೊಡಿಸುವುದಿಲ್ಲ. ಆದರೆ ಆ ಪಂಚಾಯಿತಿಗೆ ಇನ್ನೊಂದು ಮಾಪಕ ಬೇಕು ಅಂತ ಅರ್ಜಿ ಬರೆದಾಗ, ಅದರ ಜೊತೆ ಇಡೀ ಮಳೆಗಾಲದ ದಿನದಿನದ ಲೆಕ್ಕ ಲಗತ್ತಿಸಿದ್ದೇವೆ.

ಇನ್ನು ಕೈಜೋಡಿಸಿದವರ ಮಾತು. ಶುರುವಿನಲ್ಲಿ ನಾವು ಕಲಬುರಗಿಯವರಷ್ಟೇ ಇದ್ದೆವು. ಅದು ಸಾಲದು ಅಂತ ಅರ್ಥವಾಗಲು ನಕಾಶೆ ನೋಡಿದರೆ ಸಾಕಿತ್ತು. ಭೀಮಾ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಉಜನಿ ಅಣೆಕಟ್ಟು ಇರುವುದು ಸೊಲ್ಲಾಪುರ ಜಿಲ್ಲೆಯಲ್ಲಿ. ಮಾಂಜ್ರಾ ಬೀಡ ಜಿಲ್ಲೆಯ ಬಾಲಾಘಾಟ್ ಬೆಟ್ಟದಿಂದ ಬಂದು ಬೀದರ ಮುಟ್ಟಿ ಗೋದಾವರಿಗೆ ಹೋಗುತ್ತದೆ. ಅದೇ ಬೀದರ ಜಿಲ್ಲೆಯ ಬಸವಕಲ್ಯಾಣದ ಕಡೆಯ ಮುಲ್ಲಾಮಾರಿ ನೀರು ಇತ್ತ ಕೃಷ್ಣೆಗೆ ಸೇರುತ್ತದೆ.

2020ರ ಅಕ್ಟೋಬರ್ ನೋಡಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ನೇ ತಾರೀಖು ಕಾಕಿನಾಡದ ಹತ್ತಿರ ದಡ ಮುಟ್ಟಿತು. ತೆಲಂಗಾಣ ದಾಟಿ ನಮ್ಮ ಮೇಲೆ ಸುರಿಯಿತು, ಮುಂದೆ ಮಹಾರಾಷ್ಟ್ರದ ಮೇಲೆ ಸುರಿಯಿತು. ಮೇಲಿಂದ ಬಿದ್ದ ನೀರು ಒಂದು ಕಡೆ, ಭೀಮೆಯಲ್ಲಿ ಬಂದ ನೀರು ಇನ್ನೊಂದು ಕಡೆ. ಅಫಜಲಪುರ, ಜೇವರ್ಗಿ ಭಾಗದ ಊರುಗಳು ನೀರಲ್ಲಿ ನಿಂತಿದ್ದನ್ನು ನೀವೇ ಕಂಡಿದ್ದೀರಿ. ನಮ್ಮ ಬಾನಿನ ಮಳೆ ಮೂಡಲಿಂದ ಬಂತು, ಹೊಳೆಯ ನೀರು ಪಡುವಲಿಂದ ಬಂತು. ನಡುವೆ ಕೂತ ನಾವು ಎರಡೂ ಕಡೆಯವರ ಜೊತೆ ಮಾತಾಡಲೇಬೇಕು.

ಹಾಗಾಗಿ ಈ ವರ್ಷ ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಒಬ್ಬ ಶಿಕ್ಷಕರು, ತೆಲಂಗಾಣದ ಜಹೀರಾಬಾದಿನ ಕೆಲವು ರೈತರು ನಮ್ಮ ಜೊತೆ ಲೆಕ್ಕ ಹಂಚಿಕೊಳ್ಳತೊಡಗಿದರು. ಭಾಷೆ ತೊಡಕಾಗಲಿಲ್ಲ. ಮುಂಗಾರು ಶುರುವಾಗುವ ಮಳೆ ನಕ್ಷತ್ರಕ್ಕೆ ನಾವು ಮಿರಗ ಅಂದರೆ ಅಕ್ಕಲಕೋಟೆಯವರು ಮೃಗ ಅಂದರು, ಜಹೀರಾಬಾದಿನವರು ಮೃಗಶಿರ ಕಾರ್ತೆ ಅಂದರು. ಜೂನ್ 7, 8ರ ಹೊತ್ತಿಗೆ ಮೂರೂ ಕಡೆ ಒಂದೇ ಮೋಡಕ್ಕೆ ಕಾಯುತ್ತಾರೆ.

ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಇನ್ನೊಂದು. ಸೇಡಂ ಕಡೆಯ ಒಂದು ಮನೆಯ ಅಟ್ಟದ ಮೇಲೆ ಹಳೆಯ ಕಾಗದದ ಕಟ್ಟು ಸಿಕ್ಕಿತು. ನಿಜಾಮರ ಕಾಲದಲ್ಲಿ ಆ ಮನೆಯ ಹಿರಿಯರೊಬ್ಬರು ಪಟವಾರಿ, ಅಂದರೆ ಊರಿನ ಜಮೀನು ಕಂದಾಯದ ಲೆಕ್ಕ ಬರೆಯುವವರು, ಆಗಿದ್ದರು. ಬಿತ್ತನೆ, ಮಳೆ ಎಲ್ಲಾ ಬರೆದಿಟ್ಟಿದ್ದರು. ಎಲ್ಲವೂ ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿ, ಅಂದರೆ ಆಗಿನ ಕಂದಾಯ ಲೆಕ್ಕದ ವರ್ಷದಲ್ಲಿ. ನಮ್ಮಲ್ಲಿ ಯಾರಿಗೂ ಓದಲು ಬರಲಿಲ್ಲ. ಇಲ್ಲಿಯ ಒಬ್ಬ ನಿವೃತ್ತ ಉರ್ದು ಮಾಸ್ತರರು ಮುಂದೆ ಬಂದರು. ಶುಕ್ರವಾರದ ನಮಾಜು ಮುಗಿಸಿ ಬಂದು, ಸಂಜೆಯವರೆಗೂ ಭೂತಗನ್ನಡಿ ಹಿಡಿದು ಓದುತ್ತಿದ್ದರು. ನಮ್ಮ ಹುಡುಗಿಯರು ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದರು.

ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ ಅಂತ ಕೇಳಿದ್ದೆವು. ಹಾಗೇ ಕೂಡಿಸಿ ತುಂಬುತ್ತಾ ಹೋದೆವು. ಒಂದು ಶುಕ್ರವಾರ ಮಾಸ್ತರರು ಕನ್ನಡಕ ತೆಗೆದು ಕೇಳಿದರು: "ಬೇಟಾ, ಫಸಲಿ ವರ್ಷ ಶುರುವಾಗೋದು ಯಾವಾಗ?" ಅಕ್ಟೋಬರಿನಲ್ಲಿ. ಅಂದರೆ ಅಮರ್ದಾದ್ ತಿಂಗಳು, ನಮ್ಮ ಜೂನ್, ಬರುವ ಹೊತ್ತಿಗೆ ಇಂಗ್ಲಿಷ್ ಇಸವಿ ಒಂದು ಮುಂದೆ ಹೋಗಿರುತ್ತದೆ. ಮುಂಗಾರು ಮಳೆಗೆ 591 ಕೂಡಿಸಬೇಕಿತ್ತು. ನಾವು ಎಲ್ಲಾ ಮಳೆಗಾಲಗಳನ್ನೂ ಒಂದು ವರ್ಷ ಹಿಂದಕ್ಕೆ ತಳ್ಳಿಬಿಟ್ಟಿದ್ದೆವು. ಎರಡು ತಿಂಗಳ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಿದೆವು. ಒಬ್ಬರೂ ಮುಖ ಸಿಂಡರಿಸಲಿಲ್ಲ. ಆ ತಪ್ಪು ಹೇಗಾಯಿತು, ಹೇಗೆ ತಿದ್ದಿದೆವು ಅಂತ ದಾಖಲೆಯ ಮೊದಲ ಪುಟದಲ್ಲೇ ಬರೆದಿದ್ದೇವೆ. ಅಂದಹಾಗೆ, ಮಳೆ ಇಲ್ಲದ ದಿನ ಆ ಪಟವಾರಿಯವರೂ ಒಂದು ಸಣ್ಣ ಚುಕ್ಕಿ ಇಟ್ಟಿದ್ದಾರೆ. ಉರ್ದುವಿನಲ್ಲಿ ಸೊನ್ನೆಯನ್ನು ಬರೆಯುವುದೇ ಚುಕ್ಕಿಯಾಗಿ.

ನಮ್ಮ ಲೆಕ್ಕದಿಂದ ಹವಾಮಾನ ಬದಲಾಗಿದೆ ಅಂತ ಸಾಬೀತಾಯಿತಾ ಅಂತ ಪತ್ರಿಕೆಯ ಗೆಳೆಯರು ಕೇಳಿದರು. ಇಲ್ಲ. ಒಂದು ವರ್ಷದ ಲೆಕ್ಕದಿಂದ ಅದನ್ನು ಹೇಳಲು ಬರುವುದಿಲ್ಲ. ವಾಡಿಕೆ ಮಳೆ ಅನ್ನಬೇಕಾದರೆ ಕನಿಷ್ಠ 30 ವರ್ಷದ ಸರಾಸರಿ ಬೇಕು. ಈಗ ಜಗತ್ತಿನಲ್ಲಿ ಬಳಸುವುದು 1991ರಿಂದ 2020ರವರೆಗಿನದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ಆವಿ ಹಿಡಿದುಕೊಳ್ಳುತ್ತದೆ, ಬಿದ್ದಾಗ ಜೋರಾಗಿ ಬೀಳುತ್ತದೆ ಅನ್ನುವುದು ವಿಜ್ಞಾನಿಗಳಿಗೆ ಖಚಿತವಾಗಿ ಗೊತ್ತಿದೆ. ನಮ್ಮ ಹಳ್ಳಿಯಲ್ಲಿ ಅದು ಹೇಗೆ ಕಾಣುತ್ತದೆ ಅನ್ನುವುದಕ್ಕೆ ನಮ್ಮ ವಹಿಗಳು ಬೇಕು, ವರ್ಷಗಟ್ಟಲೆ ಬೇಕು. ಇಲ್ಲಿ ಕೂತ ಶಾಲಾ ಮಕ್ಕಳು ನನ್ನ ವಯಸ್ಸಿಗೆ ಬಂದಾಗ ಆ 30 ವರ್ಷ ಅವರ ಕೈಯಲ್ಲಿರುತ್ತದೆ.

ತಾಪಮಾನ ಅಳೆಯುವ ಕೆಲಸ ಈ ವರ್ಷ ಹಿಂದೆ ಬಿತ್ತು. ಸರಿಯಾದ ನೆರಳು ಪೆಟ್ಟಿಗೆ ಇಲ್ಲದೆ ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ಗೋಡೆಯ ಬಿಸಿಯನ್ನೇ ಹೇಳುತ್ತದೆ. ಪೆಟ್ಟಿಗೆ ಮಾಡಿಕೊಡಲು ಒಬ್ಬ ಬಡಗಿ ಒಪ್ಪಿದ್ದಾರೆ. ಇನ್ನೊಂದು ತೊಂದರೆ ಇದೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ಶುರುವಾಗುತ್ತವೆ. ಎಂಟೂವರೆಗೆ ಮಾಪಕ ನೋಡಲು ನೌಕರರಿಗೆ ಆಗುವುದಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಮನೆಯವರು ಯಾರಾದರೂ ನೋಡಿ ಬರೆದರೆ ಸಾಕು, ಬರೆದವರ ಹೆಸರು ಪಕ್ಕದಲ್ಲಿರಲಿ.

ಮಿರಗಕ್ಕೆ ಇನ್ನು ಕೆಲವೇ ದಿನ. ನಕಾಶೆಯಲ್ಲಿ ಎರಡು ಕಡೆ ದೊಡ್ಡ ಖಾಲಿ ಜಾಗ ಇದೆ. ಒಂದು ಔರಾದ ತಾಲ್ಲೂಕಿನ ಮೇಲ್ಭಾಗ, ಇನ್ನೊಂದು ಹುಣಸಗಿ ಕಡೆ, ನಾರಾಯಣಪುರ ಅಣೆಕಟ್ಟಿನ ಆಸುಪಾಸು. ಆ ಕಡೆಯವರು ಇದ್ದರೆ ಊಟಕ್ಕೆ ಹೋಗುವ ಮುಂಚೆ ಬಾಗಿಲ ಹತ್ತಿರದ ಮೇಜಿಗೆ ಬನ್ನಿ. ಮಾಪಕ, ಗ್ಲಾಸು, ಹೊಸ ವಹಿ ಕಟ್ಟಿಟ್ಟಿದ್ದೇವೆ. ಚಿಂಚೋಳಿಯ ಅಕ್ಕ ಅಲ್ಲೇ ಕೂತಿರುತ್ತಾರೆ. ಹೇಗೆ ಓದಬೇಕು, ಹೇಗೆ ಬರೆಯಬೇಕು ಅಂತ ಅವರೇ ತೋರಿಸಿಕೊಡುತ್ತಾರೆ.